ಈರುಳ್ಳಿಗೆ ಹೊದಿಕೆ

ಸೀರೆ, ಒಡವೆಗಳ ಮೇಲೆ ನನಗೆ ಆಸೆಯೇ ಇಲ್ಲ ಎಂದು ಹೇಳಿಕೊಂಡು ತಿರುಗುವ ಹೆಂಗಸರನ್ನು ಪೂರ್ತಿ ನಂಬಬೇಡಿ. ಅವರ ಆಸೆ ಬೇರೆಲ್ಲೋ ಅಡಗಿ ಕೂತಿರುತ್ತದೆ, ಅಷ್ಟೇ. ನಾನೂ ಅಂಥವಳೇ. ಬಾಳಗಡಿಯ ಕಾಲೇಜೊಂದರ ಲೈಬ್ರರಿಯಲ್ಲಿ ಮಕ್ಕಳಿಗೆ ಪುಸ್ತಕ ಕೊಟ್ಟು, ಅವರು ಓದದೆ ತಂದ ಪುಸ್ತಕವನ್ನು ವಾಪಸ್ಸು ತೆಗೆದುಕೊಳ್ಳುವುದು ನನ್ನ ಕೆಲಸ. ನಾಲ್ಕು ಹತ್ತಿ ಸೀರೆಗಳಲ್ಲೇ ವರ್ಷ ಕಳೆಯುತ್ತೇನೆ, ಚಿನ್ನದಂಗಡಿಯ ಮುಂದೆ ತಲೆಯೆತ್ತದೆ ನಡೆಯುತ್ತೇನೆ. ಆದರೆ ಕೊಪ್ಪದ ಸಂತೆಯಲ್ಲಿ ದಪ್ಪ ಈರುಳ್ಳಿ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಒಂದನ್ನು ಎತ್ತಿಕೊಂಡು, ಅಂಗೈಯಲ್ಲಿ ತೂಗಿ, ಸಿಪ್ಪೆ ಸವರಿ, ಮೂಸಿ, ಮತ್ತೆ ತೂಗುತ್ತೇನೆ. "ತಗಳ್ತೀರಾ ಅಕ್ಕ, ಇಲ್ಲ ಬರೀ ಮುದ್ದು ಮಾಡ್ತೀರಾ?" ಎಂದು ವ್ಯಾಪಾರಿ ಕೇಳಿದ ಮೇಲೆಯೇ ನನಗೆ ಎಚ್ಚರ.

ಇದಕ್ಕೆಲ್ಲ ಕಾರಣ ನನ್ನ ಅಪ್ಪ. ಚಳ್ಳಕೆರೆ ಕಡೆಯ ನಮ್ಮೂರಿನಲ್ಲಿ ಅಪ್ಪ ಬೆಳೆಯುತ್ತಿದ್ದ ಈರುಳ್ಳಿಯನ್ನು ಹಿಡಿಯಲು ಮಕ್ಕಳಿಗೆ ಎರಡು ಕೈ ಬೇಕಾಗುತ್ತಿತ್ತು. ಊರಿಗೆ ಬಂದ ನೆಂಟರಿಗೆ ಬೇರೆಯವರು ದೇವಸ್ಥಾನ ತೋರಿಸಿದರೆ ಅಪ್ಪ ಈರುಳ್ಳಿ ಹೊಲ ತೋರಿಸುತ್ತಿದ್ದ. ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲೊಂದು ಈರುಳ್ಳಿ ಇರಬೇಕು. ಅದನ್ನು ಮುಷ್ಟಿಯಿಂದ ಒಂದೇ ಗುದ್ದಿಗೆ ಒಡೆದು ಮುದ್ದೆಯ ಜೊತೆ ಕಡಿದು ತಿನ್ನದಿದ್ದರೆ ಅವನ ಮಟ್ಟಿಗೆ ಅದು ಊಟವೇ ಅಲ್ಲ. ಇಂಥ ಅಪ್ಪನ ಮಗಳಾದ ನಾನು, ಶಿವಮೊಗ್ಗದಲ್ಲಿ ಓದುವಾಗ ಸಿಕ್ಕ ಮಲೆನಾಡಿನ ಹುಡುಗನೊಬ್ಬನನ್ನು ಮೆಚ್ಚಿ ಮದುವೆಯಾದೆ. ಹುಡುಗ ಒಳ್ಳೆಯವನಾಗಿದ್ದ. ಈಗಲೂ ಒಳ್ಳೆಯವರೇ, ಬಾಳಗಡಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ಅವರ ಮನೆಯಲ್ಲಿ ಈರುಳ್ಳಿಯನ್ನು ಒಳಗೆ ತರುವುದೇ ಇಲ್ಲ ಎಂಬ ಸಂಗತಿಯನ್ನು ಮಾತ್ರ ಪ್ರೇಮದ ಗಡಿಬಿಡಿಯಲ್ಲಿ ವಿಚಾರಿಸಲು ಮರೆತಿದ್ದೆ. ಜಾತಕ ಕೇಳದೆ ಮದುವೆಯಾಗಬಹುದು, ಅಡುಗೆ ಕೇಳದೆ ಆಗಬಾರದು.

ಹಾಗೆಂದು ನನ್ನ ಅತ್ತೆ ನನ್ನನ್ನು ಗೋಳು ಹೊಯ್ದುಕೊಂಡರು ಎಂದು ತಿಳಿಯಬೇಡಿ. ಅವರು ಬೇಗಾರ್ ಕಡೆಯವರು, ಅಡಿಕೆ ತೋಟದ ನಡುವೆ ಹುಟ್ಟಿ ಬೆಳೆದವರು, ಮಾತು ಕಡಿಮೆ. ನಾನು ಬಂದ ಹೊಸದರಲ್ಲಿ ಒಂದು ದಿನ ಮಗನನ್ನು ಕರೆದು, "ಅದು ಸಣ್ಣ ಆಗ್ತಾ ಬಂತು ಮಾಣಿ. ಹಿಂದಿನ ಜಗಲಿಗೆ ಒಂದು ಒಲೆ ಹಾಕಿಸು. ಅದಕ್ಕೆ ಬೇಕಾದ್ದು ಅದು ಮಾಡ್ಕಳ್ಲಿ" ಎಂದರು. "ಅದು" ಎಂದರೆ ನಾನು, ಅವರ ಕಡೆ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು. ಅಂದಿನಿಂದ ಹಿಂದಿನ ಜಗಲಿಯಲ್ಲಿ ನನ್ನದೊಂದು ಪ್ರತ್ಯೇಕ ಈರುಳ್ಳಿ ಇಲಾಖೆ ನಡೆಯುತ್ತಿದೆ. ಅಲ್ಲಿ ಒಗ್ಗರಣೆ ಹಾಕಿದ ದಿನ ಅತ್ತೆ ಒಂದೆರಡು ಸಲ ಸೀನುತ್ತಾರೆ, ಅಷ್ಟೇ.

ತೊಂದರೆ ಇದ್ದದ್ದು ಅಪ್ಪನದು. ವರ್ಷಕ್ಕೊಮ್ಮೆ ಮಗಳನ್ನು ನೋಡಲು ಬರುತ್ತಾನೆ. ಜೊತೆಗೆ ಅರ್ಧ ಮೂಟೆ ಈರುಳ್ಳಿ ತರುತ್ತಾನೆ. ಮಧ್ಯಾಹ್ನ ಎಲ್ಲರ ಜೊತೆ ಊಟಕ್ಕೆ ಕೂರುವುದಿಲ್ಲ, "ನನಗೆ ಗಾಳಿ ಬೇಕು ಕಣವ್ವ" ಎಂದು ತಟ್ಟೆ ಹಿಡಿದು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂರುತ್ತಾನೆ. ಅಂಗಿಯ ಜೇಬಿನಿಂದ ಈರುಳ್ಳಿ ತೆಗೆದು, ಒಡೆಯುವಾಗ ಸದ್ದಾಗದಂತೆ ಟವೆಲಿನಲ್ಲಿ ಸುತ್ತಿ ಗುದ್ದುತ್ತಾನೆ. ಆಮೇಲೆ ಬಾಯಿ ಮುಕ್ಕಳಿಸಿ, ಎಲೆಯಡಿಕೆ ಹಾಕಿಕೊಂಡು, ಸಂಜೆಯ ಶಿವಮೊಗ್ಗ ಬಸ್ಸಿಗೆ ಹೊರಟುಬಿಡುತ್ತಾನೆ. "ಇವತ್ತೊಂದು ರಾತ್ರಿ ಇರಪ್ಪ" ಎಂದರೆ, "ದನಕ್ಕೆ ಯಾರು ನೀರು ಕುಡಿಸ್ತಾರೆ?" ಎನ್ನುತ್ತಾನೆ. ದನ ಮಾರಿ ಎಷ್ಟೋ ವರ್ಷವಾಗಿದೆ. ನನ್ನ ಮನೆಯಲ್ಲಿ ಅಪ್ಪ ಒಂದು ರಾತ್ರಿಯೂ ಮಲಗಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಕಳೆದ ವರ್ಷ ಬಂದಾಗ ಬಸ್ಸಿನ ಮೆಟ್ಟಿಲು ಹತ್ತಲು ಅವನಿಗೆ ಕಂಡಕ್ಟರ್ ಕೈ ಕೊಡಬೇಕಾಯಿತು. ಇನ್ನೆಷ್ಟು ಸಲ ಬಂದಾನು ಎಂದುಕೊಂಡು ಮನೆಗೆ ಬಂದವಳು ಸುಮ್ಮನೆ ಪಾತ್ರೆಗಳನ್ನು ಕುಕ್ಕಿದೆ.

ಹೀಗೆ ನನ್ನ ಯೋಜನೆ ಹುಟ್ಟಿತು. ನನ್ನ ಹಿತ್ತಿಲಿನಲ್ಲೇ ಅಪ್ಪನ ಈರುಳ್ಳಿಯಷ್ಟು ದೊಡ್ಡ ಈರುಳ್ಳಿ ಬೆಳೆಯಬೇಕು, ಅದನ್ನು ನೋಡಿ ಅವನು ಬೆರಗಾಗಬೇಕು. ತನ್ನ ಬೆಳೆ ಬೆಳೆಯುವ ಮನೆ ತನ್ನದೇ ಮನೆ ಎಂದೆನಿಸಿ ಅವನು ಉಳಿಯಬೇಕು. ಲೈಬ್ರರಿಯಲ್ಲಿ ಕೂತು ಯೋಚಿಸಿದ್ದರಿಂದಲೋ ಏನೋ, ಯೋಜನೆಯಲ್ಲಿ ಒಂದು ದೋಷವೂ ಕಾಣಲಿಲ್ಲ. ಮಳೆ ಹಿಂದಾದ ಮೇಲೆ ನೆಲ ಅಗೆದು ಮಡಿ ಮಾಡಿ, ಸುಣ್ಣ ಹಾಕಿ ಮಣ್ಣಿನ ಹುಳಿ ತೆಗೆದು, ಸಸಿ ನೆಟ್ಟೆ. ಪಕ್ಕದ ಮನೆಯವರು ಬೇಲಿಯ ಮೇಲೆ ಕೈಯಿಟ್ಟು ನೋಡಿ, "ಇಲ್ಲಿ ಅದೆಲ್ಲ ಆಗದಿಲ್ಲ ಮಾರಾಯ್ತಿ. ಸುಮ್ನೆ ಬಸಳೆ ಹಬ್ಬಿಸು" ಎಂದರು. ನಾನು ಅಪ್ಪನಿಗೆ ಫೋನು ಮಾಡಿ, ಯಾರಿಗೋ ಬೇಕು ಎನ್ನುವ ಹಾಗೆ ವಿಚಾರಿಸಿದೆ. "ನೋಡವ್ವ, ಈರುಳ್ಳಿ ಅನ್ನೋದು ಮಾನಗೆಟ್ಟ ಗಿಡ. ಬೇರಷ್ಟೇ ಮಣ್ಣಾಗಿರ್ಬೇಕು, ಮೈಯೆಲ್ಲಾ ಹೊರಗಿರ್ಬೇಕು. ಮಣ್ಣು ಮುಚ್ಚಿದ್ರೆ ಗಡ್ಡೆ ಊದಾಕಿಲ್ಲ. ಬರೀ ಸೊಪ್ಪೇ ಬರ್ತೈತೆ" ಎಂದು ಹೇಳಿಕೊಟ್ಟ.

ಗಡ್ಡೆ ಕಟ್ಟುವ ಹೊತ್ತಿಗೆ ನಾನು ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಒಂದೊಂದೇ ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ, ಗಡ್ಡೆಯ ಮೈ ಬಿಸಿಲಿಗೆ ಕಾಣುವಂತೆ ಮಾಡುತ್ತಿದ್ದೆ. ಸಂಜೆ ಬಂದು ನೋಡಿದರೆ ಎಲ್ಲ ಮುಚ್ಚಿಹೋಗಿರುತ್ತಿತ್ತು! ಬರೀ ಮಣ್ಣಲ್ಲ, ಮಣ್ಣಿನ ಮೇಲೆ ಒಣಗಿದೆಲೆ, ಅದರ ಮೇಲೆ ಹಸಿ ಸೊಪ್ಪು. ಮೊದಲು ಪಕ್ಕದ ಮನೆಯ ಕೋಳಿಗಳ ಮೇಲೆ ಅನುಮಾನ ಬಂತು. ಆದರೆ ಕೋಳಿ ಕೆದರುತ್ತದೆಯೇ ಹೊರತು ಮುಚ್ಚುವುದಿಲ್ಲ. ಆಮೇಲೆ ನವಿಲು, ಹೆಗ್ಗಣ, ಗಾಳಿ, ಕೊನೆಗೆ ನಮ್ಮವರು. ಅವರನ್ನು ಕೇಳಿದರೆ, "ನನಗೆ ನರಸಿಂಹರಾಜಪುರದಲ್ಲಿ ಒಂದು ಮೋಟಾರ್ ಸುಟ್ಟಿದೆ" ಎಂದು ಬೈಕ್ ಹತ್ತಿ ಹೋದರು. ಗಂಡಸರಿಗೆ ಬೇಕಾದಾಗಲೆಲ್ಲ ಎಲ್ಲೋ ಒಂದು ಮೋಟಾರ್ ಸುಟ್ಟಿರುತ್ತದೆ. ನಾನು ಬಿಡಿಸುವುದು, ಅದು ಮುಚ್ಚುವುದು. ಈ ಆಟ ಚಳಿಗಾಲವಿಡೀ ನಡೆಯಿತು. ಸೊಪ್ಪು ಮಾತ್ರ ನನ್ನ ಮೊಣಕಾಲೆತ್ತರ, ಹಚ್ಚ ಹಸಿರಾಗಿ ಬೆಳೆದು ನಿಂತಿತು.

ಒಂದು ದಿನ ಕಾಲೇಜು ಮಧ್ಯಾಹ್ನವೇ ಬಿಟ್ಟಿತು. ಹಿತ್ತಿಲ ಬಾಗಿಲಿನಿಂದ ಬಂದೆ. ಮಡಿಯ ಪಕ್ಕದಲ್ಲಿ ಅತ್ತೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಒಂದು ಕೈಯಲ್ಲಿ ತೆಂಗಿನ ಗರಟ, ಇನ್ನೊಂದರಲ್ಲಿ ಸಣ್ಣ ಕೋಲು. ಈರುಳ್ಳಿ ಕೈಗೆ ತಾಗದ ಹಾಗೆ ಗರಟದಲ್ಲಿ ಮಣ್ಣು ಸುರಿದು, ಕೋಲಿನಿಂದ ಮೆಲ್ಲಗೆ ತಟ್ಟಿ, ಸೊಪ್ಪು ಹೊದಿಸುತ್ತಿದ್ದರು. ಜೊತೆಗೆ ಮಾತು ಬೇರೆ. "ಬೆಳಗಾದ್ರೆ ಬಂದು ಬಟ್ಟೆ ಬಿಚ್ತು ಅದು. ಎಂತ ಹಟವೋ ಏನೋ. ಹೊದ್ಕಂಡು ಸುಮ್ನೆ ಇರಿ."

ಈಗ ನೆನೆದರೆ ನಗು ಬರುತ್ತದೆ, ಆಗ ಬಂದದ್ದು ಸಿಟ್ಟು. "ಅತ್ತೆ!" ಎಂದು ಕೂಗಿದೆ. ಅವರು ಗಾಬರಿಯಾಗಿ, "ಬುಡ ಬರಿದಾಗಿತ್ತು ಕೂಸೇ. ಅಡಿಕೆ ಆಗ್ಲಿ, ಏಲಕ್ಕಿ ಆಗ್ಲಿ, ಬುಡ ಹಾಂಗೆ ಬಿಟ್ರೆ ಬದುಕ್ತದಾ? ನಿನ್ನ ಅಪ್ಪಯ್ಯ ಬರುವಷ್ಟರಲ್ಲಿ ಒಣಗಿಹೋದ್ರೆ ಎಂತ ಮಾಡದು ಅಂತ..." ಎಂದರು. ಬುಡಕ್ಕೆ ಸೊಪ್ಪು ಹಾಕಿ ಮಣ್ಣೇರಿಸುವುದನ್ನೇ ಗಿಡದ ಸೇವೆ ಎಂದು ತಿಳಿದ ಸೀಮೆಯವರು ಅವರು. ನನಗದು ಆ ಕ್ಷಣ ಹೊಳೆಯಬೇಡವೇ? "ನೀವು ತಿನ್ನೋದಿಲ್ಲ, ಮುಟ್ಟೋದಿಲ್ಲ. ನಿಮಗ್ಯಾಕೆ ಬೇಕು ನನ್ನ ಈರುಳ್ಳಿ ಉಸಾಬರಿ?" ಎಂದುಬಿಟ್ಟೆ. ಅತ್ತೆ ಗರಟವನ್ನು ಬೇಲಿಗೆ ಒರಗಿಸಿ, ಕೈತೊಳೆದು ಒಳಗೆ ಹೋದರು.

ಆಮೇಲೆ ಅವರು ಹಿತ್ತಿಲಿಗೆ ಬರುವುದನ್ನೇ ಬಿಟ್ಟರು. ನಾನು ಬೆಳಿಗ್ಗೆ ಬಿಡಿಸಿದ ಗಡ್ಡೆಗಳು ಸಂಜೆಯವರೆಗೂ ಬರಿಮೈಯಲ್ಲೇ ಇರುತ್ತಿದ್ದವು, ಯಾರೂ ಮುಚ್ಚುತ್ತಿರಲಿಲ್ಲ. ನನಗೆ ಬೇಕಾದದ್ದೂ ಅದೇ ತಾನೇ? ಆದರೂ ಒಂದು ಸಾಲಿನ ಆಚೆಗೆ ಬಿಡಿಸಲು ನನಗೆ ಕೈ ಬರಲಿಲ್ಲ, ಉಳಿದವು ಅತ್ತೆ ಹೊದಿಸಿದ ಹಾಗೆಯೇ ಇದ್ದವು. "ನಿಮಗೆ ಗೊತ್ತಿತ್ತಾ?" ಎಂದು ನಮ್ಮವರನ್ನು ಕೇಳಿದರೆ, "ಗೊತ್ತಿತ್ತು. ಎರಡು ಕರೆಂಟ್ ವೈರ್ ಮಧ್ಯೆ ಕೈ ಹಾಕಬಾರದು ಅಂತ ನಮ್ಮ ಕಸುಬಲ್ಲಿ ಮೊದಲೇ ಹೇಳಿಕೊಡ್ತಾರೆ" ಎಂದರು. ತಪ್ಪಾಯಿತು ಎಂದು ಅತ್ತೆಗೆ ಹೇಳಲು ನಾಲ್ಕು ಸಲ ಅಡುಗೆಮನೆಗೆ ಹೋದೆ. ಹೋದಾಗಲೆಲ್ಲ ಅವರು, "ಕಾಫಿ ಬೇಕಾ?" ಎಂದು ಕೇಳಿದರು. ನಾನು ಕಾಫಿ ಕುಡಿದು ಬಂದೆ.

ಯುಗಾದಿಗೆ ಮುಂಚೆ ಅಪ್ಪ ಬಂದ. ಫೋನಿನಲ್ಲಿ ಕೇಳಿದಾಗಲೇ ಊಹಿಸಿದ್ದನೋ ಏನೋ, ನೀರು ಕೂಡ ಕುಡಿಯದೆ ಹಿತ್ತಿಲಿಗೆ ಹೋಗಿ ಮಡಿಯ ಮುಂದೆ ನಿಂತ. ಅಪ್ಪ ಬಗ್ಗಿ ಒಂದು ಸಾಲು ಕೀಳತೊಡಗಿದ. ಸೊಪ್ಪು ಕುದುರೆಯ ಬಾಲದ ಹಾಗಿತ್ತು, ಅದರ ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ. ಇನ್ನೊಂದು ಕಿತ್ತರೆ ಅದಕ್ಕಿಂತ ಸಣ್ಣದು. ಮೂಲೆಯಲ್ಲಿ, ಕಲ್ಲಿನ ಪಕ್ಕದಲ್ಲಿದ್ದ ಒಂದೇ ಒಂದು ಮಾತ್ರ ಮುಷ್ಟಿಯಷ್ಟಾಗಿತ್ತು. ಅಪ್ಪ ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ ನೋಡಿ, "ಯಾರವ್ವ ಇದಕ್ಕೆ ಇಷ್ಟೊಂದು ಸೊಪ್ಪು ಮುಚ್ಚಿದ್ದು?" ಎಂದ. ಯಾರೋ ಕೂಲಿಯವರು ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ, "ನಾನು" ಎಂಬ ದನಿ ಬಂತು.

ಬೀಗರು ಇಷ್ಟು ವರ್ಷದಲ್ಲಿ "ಬಂದ್ರಾ?", "ಹೊರಟ್ರಾ?" ಎಂಬುದರಾಚೆಗೆ ಮಾತಾಡಿದವರಲ್ಲ. ಈಗ ಅತ್ತೆ ಸೆರಗು ಬಿಗಿದುಕೊಂಡು ಜಗಲಿಯಿಂದ ಇಳಿದು ಬಂದರು. ಅಪ್ಪ ಮೂಲೆಯ ಗಡ್ಡೆ ಎತ್ತಿ ತೋರಿಸಿ, "ನೋಡಿ ತಾಯಿ, ಇಲ್ಲಿ ನಿಮ್ಮ ಕೈ ಎಟುಕಿಲ್ಲ. ಅದಕ್ಕೇ ಇದು ಬದುಕೈತೆ" ಎಂದ. ಅತ್ತೆ ಬಿಡಲಿಲ್ಲ. "ಅದು ಕಲ್ಲಿನ ಬುಡದಲ್ಲಿತ್ತು. ಬೇರಿಗೆ ತಂಪು ಸಿಕ್ತು. ಹೊದಿಕೆ ಇದ್ದ ಹಾಂಗೇ ಆತು ಅಲ್ದಾ?" ಎಂದರು. ಅಪ್ಪ ಬಯಲುಸೀಮೆಯ ಬಿಸಿಲಿನಿಂದ ಶುರುಮಾಡಿದ, ಅತ್ತೆ ಮಲೆನಾಡಿನ ಮಳೆಯಿಂದ. ಇವನು ಒಂದು ಗಿಡ ಬಿಡಿಸಿ ತೋರಿಸಿದ, ಅವರು ಪಕ್ಕದ ಗಿಡ ಮುಚ್ಚಿ ತೋರಿಸಿದರು. ಅಡಿಕೆಯ ಬುಡ, ಶೇಂಗಾದ ಬುಡ, ಬಾಳೆಯ ಬುಡ, ಯಾವುದನ್ನೂ ಬಿಡಲಿಲ್ಲ. ನಾನು ಮಧ್ಯೆ ಎರಡು ಸಲ, "ಅಪ್ಪ, ಬಸ್ಸಿನ ಹೊತ್ತಾಯ್ತು" ಎಂದೆ. ಎರಡನೆಯ ಸಲ ಅವನು, "ತಡಿಯವ್ವ, ಈ ತಾಯಿ ಒಪ್ತಾ ಇಲ್ಲ" ಎಂದ. ಬಸ್ಸು ಹೋಯಿತು. ನಾನು ಮೂರನೆಯ ಸಲ ನೆನಪಿಸಲಿಲ್ಲ.

ಕತ್ತಲಾಗುತ್ತಿದ್ದಂತೆ ಊಟಕ್ಕೆ ಕರೆದೆ. ಅಪ್ಪ ಮಾಮೂಲಿನಂತೆ ತಟ್ಟೆ ಹಿಡಿದು, ಆ ಮುಷ್ಟಿ ಗಾತ್ರದ ಈರುಳ್ಳಿಯನ್ನು ಜೇಬಿಗೆ ಹಾಕಿ ಹೊರಗೆ ಹೊರಟ. "ಅಲ್ಲೆಲ್ಲಿಗೆ?" ಎಂದು ಅತ್ತೆ ಕೇಳಿದರು. "ನನಗೆ ಗಾಳಿ..." ಎಂದು ಅಪ್ಪ ತಡವರಿಸಿದ. "ಫ್ಯಾನ್ ಹಾಕ್ತು ಅದು. ಒಳಗೇ ಕೂತ್ಕಳಿ. ಮಾತು ಅರ್ಧಕ್ಕೆ ನಿಂತಿದೆ" ಎಂದರು ಅತ್ತೆ. ಅಪ್ಪ ನನ್ನ ಮುಖ ನೋಡಿದ. ನಾನು ಫ್ಯಾನ್ ಹಾಕಿದೆ. ನಡುಮನೆಯಲ್ಲಿ ಕೂತು ಅವನು ಈರುಳ್ಳಿಯನ್ನು ಗುದ್ದಿದ ಸದ್ದು ಮನೆಯೆಲ್ಲ ಕೇಳಿತು. ಅತ್ತೆ ಸೀನಿದರು, ಸೀನಿದ ಮೇಲೆ ಮಾತು ಮುಂದುವರಿಸಿದರು. ನನಗೆ ಆ ದಿನ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ನಾನು ಬಯಸಿದಂತೆ ದೊಡ್ಡ ಈರುಳ್ಳಿ ಬಂದಿದ್ದರೆ ಅಪ್ಪ "ಚೆನ್ನಾಗೈತೆ ಕಣವ್ವ" ಎಂದು ಒಂದು ಮಾತು ಹೇಳಿ ಬಸ್ಸು ಹತ್ತುತ್ತಿದ್ದ.

ಮಾರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಇಬ್ಬರೂ ಆಗಲೇ ಮಡಿಯ ಹತ್ತಿರ ಕೂತಿದ್ದರು. ಊರಿನಿಂದ ನನ್ನ ತಮ್ಮನ ಫೋನು ಬಂದಿತ್ತು. "ಇವತ್ತು ಬರಾಕಾಗಲ್ಲ ಕಣಪ್ಪ, ಬೀಗರ ಹಿತ್ಲಲ್ಲಿ ಒಂಚೂರು ಕೆಲ್ಸ ಐತೆ" ಎನ್ನುತ್ತಿದ್ದ ಅಪ್ಪ. ಮಗಳ ಮನೆಯಲ್ಲಿದ್ದೇನೆ ಎನ್ನಲಿಲ್ಲ, ನೋಡಿ! ಕಿತ್ತದ್ದು ಬಿಟ್ಟು ಇನ್ನೂ ಮೂರು ಸಾಲು ಉಳಿದಿದ್ದವು, ಈಗ ಬಿಡಿಸಿದರೂ ಸ್ವಲ್ಪ ಊದಬಹುದು ಎಂದು ಅಪ್ಪ ಹೇಳಿದ್ದನಂತೆ. ಅತ್ತೆ ಗರಟವಿಲ್ಲದೆ, ಕೋಲಿಲ್ಲದೆ, ಬರಿ ಬೆರಳುಗಳಿಂದ ಒಂದೊಂದೇ ಗಡ್ಡೆಯ ಮೇಲಿನ ಮಣ್ಣು ಸರಿಸುತ್ತಿದ್ದರು. ತಪ್ಪಾಯಿತು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು ಎನಿಸಿತು. ಗಂಟಲು ಸರಿಮಾಡಿಕೊಂಡು, ಅವರ ಹಿಂದೆ ಹೋಗಿ ನಿಂತು, "ಅತ್ತೆ" ಎಂದೆ.

ಅತ್ತೆ ತಲೆಯೆತ್ತಲಿಲ್ಲ. "ಆಚೆ ನಿಲ್ಲೇ ಕೂಸೇ," ಎಂದರು, "ಬಿಸಿಲಿಗೆ ಅಡ್ಡ ಬರ್ತಿದೀಯ."