ಸಿದ್ಧಾರೂಢನ ನೀರಿನ ಯಂತ್ರ

ಸಿದ್ಧಾರೂಢನ ಪಡಸಾಲೆಯಲ್ಲಿ ಜರಿಗಿಡ ಬಾಡಿ ಮಲಗಿದ್ದೇ ಎಲ್ಲದಕ್ಕೂ ಕಾರಣ. ಹೆಂಡತಿ ಕಾವೇರಿಗೆ ಮನೆಯೊಳಗೆ ಕುಂಡ ಇಡುವ ಹುಚ್ಚು. ಬಗ್ಗಿದರೆ ಸೊಂಟ ಹಿಡಿಯುತ್ತಿದ್ದುದರಿಂದ ನೀರು ಹಾಕುವ ಕೆಲಸ ಗಂಡನದು. ಅವನೋ, ಮರೆತರೆ ವಾರಗಟ್ಟಲೆ ಮರೆಯುವವನು, ನೆನಪಾದರೆ ಎಮ್ಮೆಗೆ ಕುಡಿಸಿದಂತೆ ಬಕೆಟ್ಟುಗಟ್ಟಲೆ ಸುರಿಯುವವನು.

ಕಾವೇರಿ ಜಗಳವಾಡಲಿಲ್ಲ. "ನಿಮ್ಮ ಕೈಯಾಗ ಒಂದು ಗಿಡಾನೂ ಬದುಕೂದಿಲ್ಲ ಬಿಡ್ರಿ" ಎಂದು ಮೆಲ್ಲಗೆ ಅಂದು, ಭಾನುವಾರ ಬೆಳಿಗ್ಗೆ ಬೈರಿದೇವರಕೊಪ್ಪದಿಂದ ಕೇಶ್ವಾಪುರದ ಅಕ್ಕನ ಮನೆಗೆ ಹೊರಟುಹೋದಳು. ಆ ಮೆಲುಮಾತೇ ಅವನಿಗೆ ಮುಳ್ಳಾಗಿ ನಟ್ಟಿತು.

ದುರ್ಗದಬೈಲಿನಲ್ಲಿ ರೇಡಿಯೋ ರಿಪೇರಿ ಮಾಡುವ ಗೆಳೆಯ ಫಾರೂಕನನ್ನು ಕರೆತಂದ. ಇಬ್ಬರೂ ಸೇರಿ, ಕಾವೇರಿ ಸ್ವೆಟರ್ ಹೆಣೆಯುವ ಎರಡು ಉಕ್ಕಿನ ಸೂಜಿಗಳನ್ನು ಜರಿಗಿಡದ ಮಣ್ಣಿಗೆ ಚುಚ್ಚಿ, ವೈರು ಕಟ್ಟಿ, ನೆಲದ ಮೇಲಿಟ್ಟ ಒಂದು ತಗಡಿನ ಡಬ್ಬಿಯೊಳಗಿನ ಯಂತ್ರಕ್ಕೆ ಜೋಡಿಸಿದರು. ಮಣ್ಣು ಹಸಿಯಿದ್ದರೆ ಸೂಜಿಯಿಂದ ಸೂಜಿಗೆ ಕರೆಂಟು ಹರಿಯುತ್ತದೆ. ಒಣಗಿದರೆ ಅದು ನಿಂತು, ಕೆಂಪು ದೀಪ ಹತ್ತಿ, ಹಳೆಯ ಕೂಲರಿನ ಪಂಪು ಬಕೆಟ್ಟಿನ ನೀರನ್ನು ಎಲ್ಲ ಕುಂಡಗಳಿಗೂ ಕೊಳವೆಯಿಂದ ಉಣಿಸುತ್ತದೆ. ಮಣ್ಣು ತೊಯ್ದರೆ ತಾನೇ ಬಂದ್.

ಮೊದಲ ಸಲಕ್ಕೇ ಎಲ್ಲವೂ ಹಾಗೆಯೇ ನಡೆಯಿತು.

"ಇನ್ನ ನೀ ಮರ್ತರೂ ಇದು ಮರಿಯೂದಿಲ್ಲ ದೋಸ್ತ" ಎಂದು ಫಾರೂಕ ಚಹಾ ಕುಡಿದು ಹೋದ.

ಪಕ್ಕದ ಮನೆಯ ಕಸ್ತೂರೆವ್ವ ಇಣುಕಿದಳು. "ಇದೇನ್ ಮಾಡತೈತೋ ತಮ್ಮಾ?"

"ಗಿಡಕ್ಕ ನೀರು ಹಾಕತೈತ್ರಿ ಕಾಕು."

"ಸುಮ್ಮನ ಕುಂತೈತಲ್ಲ."

"ಮಣ್ಣು ಹಸಿ ಐತ್ರಿ, ಅದಕ್ಕ."

"ಸುಮ್ಮನ ಕುಂದ್ರಾಕ ಮಶೀನ್ ಯಾಕ ಬೇಕೋ? ನಮ್ಮನ್ಯಾಗ ಗಂಡ ಇಲ್ಲೇನು?"

ಸಿದ್ಧಾರೂಢನಿಗೆ ತಡೆಯಲಾಗಲಿಲ್ಲ. ಒಂದು ಸೂಜಿ ಕಿತ್ತ. ಮಣ್ಣು ಒಣಗಿತೆಂದೇ ತಿಳಿದು ಯಂತ್ರ ದೀಪ ಹೊತ್ತಿಸಿ ಗುಳುಗುಳು ಶುರುಮಾಡಿತು. ಕಸ್ತೂರೆವ್ವ ಗಲ್ಲದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಮನೆಗೆ ಓಡಿ, ಕುಂಕುಮ ತಂದು ಡಬ್ಬಿಗೆ ಹಚ್ಚಿ, ಓಣಿಗೆಲ್ಲ ಹೇಳಿಬಂದಳು.

ಬಾಣಂತಿಯ ಕೂಸು ನೋಡಲು ಬರುವವರಂತೆ ಜನ ಬಂದರು. ಎದುರುಮನೆಯ ಲಾಲಸಾಬ, ಅವನ ಹೆಂಡತಿ ಶಹಜಹಾನಬೇಗಂ, ಅವರ ಬೀಗರು. "ಭಾಳ ಶ್ಯಾಣ್ಯಾ ಅದೀರಿ ನೀವು. ಇನ್ನೊಮ್ಮೆ ತೋರಸ್ರಿ" ಎಂದು ಲಾಲಸಾಬ ಅಂದರೆ ಹೇಗೆ ಬೇಡವೆನ್ನುವುದು? ಹೊಗಳಿಕೆಗೊಮ್ಮೆ ಸೂಜಿ ಕಿತ್ತ. ಬಕೆಟ್ಟು ಬರಿದಾದಾಗ, ವಾರಕ್ಕೊಮ್ಮೆ ನಳದಲ್ಲಿ ಬರುವ ನೀರು ತುಂಬಿಟ್ಟ ಡ್ರಮ್ಮಿನಿಂದ ಮೊಗೆದು ಸುರಿದ. ಶಹಜಹಾನಬೇಗಂ ಮನೆಗೆ ಹೋಗಿ ಫೋನು ಮಾಡಿ ಕಾವೇರಿಗೂ ಸುದ್ದಿ ಮುಟ್ಟಿಸಿದಳು.

ಸಂಜೆ ಜನ ಕರಗುವ ಹೊತ್ತಿಗೆ ಡ್ರಮ್ಮು ಖಾಲಿ, ಕುಂಡಗಳು ತುಂಬಿ ಪಡಸಾಲೆಯೆಲ್ಲ ಕೆಸರು. ಆ ನೀರು ನೆಲದ ಮೇಲಿನ ಡಬ್ಬಿಯೊಳಗೆ ನುಗ್ಗಿ, "ಟಪ್" ಎಂದು ಹೊಗೆಯೆದ್ದಿತು. ಪಂಪಿನ ಉಸಿರೂ ನಿಂತಿತು.

ಅವನು ನೆಲ ಒರೆಸಿ ಮುಗಿಸುವಷ್ಟರಲ್ಲಿ ಬಾಗಿಲಿಗೆ ಟೆಂಪೋ ಬಂತು. ಹಿಂದೆ ಸಾಲುಸಾಲು ಕುಂಡಗಳು, ಮುಂದೆ ಕಾವೇರಿ.

"ಪಡಸಾಲಿ ಸೈತ ಒರಸೀರಿ?" ಎಂದಳು ಬೆರಗಾಗಿ. "ನಾ ಅಂದಿದ್ದು ತಪ್ಪಾತ್ರಿ. ಅಕ್ಕನ ಮನಿಯವರಿಗೆ ಬ್ಯಾರೆ ಊರಿಗೆ ಬದ್ಲಿ ಆಗೇತಿ. ಗಿಡಾ ಯಾರಿಗೆ ಕೊಡ್ಲಿ ಅಂತ ಅಳಾಕತ್ತಿದ್ಲು. ನಮ್ಮನ್ಯಾಗ ಇವರು ಮಶೀನ್ ಮಾಡ್ಯಾರ, ಒಂದು ಎಲಿ ಬಾಡೂದಿಲ್ಲ ಅಂತ ಮಾತು ಕೊಟ್ಟು ಬಂದೇನಿ."

ಮದುವೆಯಾದಾಗಿನಿಂದ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ತುಟಿಗೆ ಬಂದ ಸತ್ಯ ಅಲ್ಲಿಂದಲೇ ಹಿಂದಿರುಗಿತು.

ಮುಂಬೈಯಿಂದ ಸಾಮಾನು ಬರದೆ ರಿಪೇರಿಯಿಲ್ಲ ಎಂದ ಫಾರೂಕ. ಸಾಮಾನು ಇನ್ನೂ ಬಂದಿಲ್ಲ. ಅಂದಿನಿಂದ ಕಾವೇರಿ ಏಳುವ ಮೊದಲೇ ಸಿದ್ಧಾರೂಢ ಬರಿಗಾಲಲ್ಲಿ ತಂಬಿಗೆ ಹಿಡಿದು ಕುಂಡದಿಂದ ಕುಂಡಕ್ಕೆ ಸುಳಿಯುತ್ತಾನೆ. ಪ್ರತಿಯೊಂದರ ಮಣ್ಣಿಗೂ ಬೆರಳು ತೂರಿಸಿ ಹಸಿ ನೋಡಿಯೇ ನೀರು ಹಾಕುತ್ತಾನೆ. ಒಂದು ಎಲೆಯೂ ಬಾಡಿಲ್ಲ.

ಬಂದವರಿಗೆ ಕಾವೇರಿ ಹೆಮ್ಮೆಯಿಂದ ತೋರಿಸುತ್ತಾಳೆ: "ಎಷ್ಟು ಛಲೋ ಮಶೀನ್ ನೋಡ್ರಿ, ಸಪ್ಪಳಾನೂ ಇಲ್ಲ. ಇವರಂತೂ ಈಗ ಗಿಡದ ಕಡೆ ತಿರುಗಿ ಸೈತ ನೋಡೂದಿಲ್ಲ."