‘ಹಗುರವಾಗಿ ಉಜ್ಜಿ’ ಎಂದು ಬರೆದ ಮಹನೀಯರಿಗೆ

ಮಾನ್ಯರೇ,

ಬಣ್ಣ ಬಳಿದ ಮರದ ಸಾಮಾನುಗಳ ಮೇಲಿನ ಗೀರುಗಳನ್ನು ‘ಹದಿನೈದೇ ನಿಮಿಷಗಳಲ್ಲಿ, ಮನೆಯಲ್ಲೇ, ಯಾರ ನೆರವೂ ಇಲ್ಲದೆ’ ಮಾಯ ಮಾಡುವ ಡಬ್ಬಿಯ ಹಿಂಬದಿಯಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ, ಐದು ಸಾಲಿನ ಸೂಚನೆಗಳನ್ನು ಬರೆದವರು ತಾವೇ ಎಂದು ನಂಬಿ, ಅಂಗೈಯಲ್ಲಿ ಇನ್ನೂ ಹಸಿರು ಉಳಿದಿರುವ ಎರಡೂ ಕೈಗಳನ್ನು ಜೋಡಿಸಿ ನಮಸ್ಕರಿಸುತ್ತೇನೆ. ಇಂಥ ಕೃತಿಯನ್ನು ರಚಿಸಿಯೂ ಅದರ ಕೆಳಗೆ ಹೆಸರು ಹಾಕಿಕೊಳ್ಳದ ತಮ್ಮ ವಿನಯವನ್ನು ಮೊದಮೊದಲು ಮೆಚ್ಚಿಕೊಂಡಿದ್ದೆ. ಆ ವಿನಯದ ಹಿಂದಿನ ಮುಂದಾಲೋಚನೆ ಈಗಷ್ಟೇ ಅರ್ಥವಾಗಿದೆ. ತಾವೂ ತಮ್ಮ ಮನೆಯವರೂ ಕ್ಷೇಮವಾಗಿದ್ದೀರೆಂದು, ತಮ್ಮ ಮನೆಯ ಮೇಜು ಕುರ್ಚಿಗಳ ಮೈಮೇಲೆ ಒಂದೂ ಗೀರಿಲ್ಲವೆಂದು, ಒಂದು ವೇಳೆ ಇದ್ದರೂ ತಾವು ಅದರ ತಂಟೆಗೆ ಹೋಗಿಲ್ಲವೆಂದು ಹಾರೈಸುತ್ತೇನೆ.

ನಾನು ಯಾರೆಂದು ತಿಳಿಸದಿದ್ದರೆ ತಪ್ಪಾದೀತು. ನಾನು ಔಷಧಿ ಅಂಗಡಿಯವನು. ಇಪ್ಪತ್ತಾರು ವರ್ಷಗಳಿಂದ ಕೌಂಟರಿನ ಹಿಂದೆ ನಿಂತು ಬಂದವರಿಗೆಲ್ಲ ‘ಬರೆದಿರೋ ಹಾಗೆ ಮಾಡಿ, ಸ್ವಂತ ಬುದ್ಧಿ ಬೇಡ’ ಎಂದು ಬುದ್ಧಿ ಹೇಳುತ್ತ ಬಂದಿದ್ದೇನೆ. ಸೀಸೆಯ ಮೇಲೆ ‘ಊಟದ ನಂತರ’ ಎಂದಿದ್ದರೆ, ಹಸಿವಿಲ್ಲದಿದ್ದರೂ ಕುಳಿತು ಉಂಡು, ಆಮೇಲೆ ಗುಳಿಗೆ ನುಂಗುವ ಆಸಾಮಿ ನಾನು. ಅಚ್ಚಾದ ಸೂಚನೆ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ನನ್ನ ಅಂಗಡಿ ನಿಂತಿದೆ. ತಮ್ಮ ಐದು ಸಾಲುಗಳನ್ನು ಒಂದಕ್ಷರವೂ ಬಿಡದೆ ಪಾಲಿಸಿದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಉಳಿದವರ ಕಪಾಟುಗಳು ಇನ್ನೂ ಕಪಾಟಿನ ಹಾಗೆ ಕಾಣುತ್ತಿರುವುದೇ ಅದಕ್ಕೆ ಸಾಕ್ಷಿ.

ಈ ಪತ್ರಕ್ಕೆ ಕಾರಣವಾದ ಕಪಾಟು ನನ್ನದಲ್ಲ, ಅಕ್ಕನದು. ಎರಡು ಬಾಗಿಲಿನ, ತಿಳಿಹಸಿರು ಬಣ್ಣದ, ನನಗಿಂತ ಒಂದು ಗೇಣು ಎತ್ತರದ ಮರದ ಕಪಾಟು. ಅಕ್ಕ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಎರಡು ವರ್ಷದ ಮಟ್ಟಿಗೆ ಬೇರೆ ಊರಿಗೆ ವರ್ಗವಾದಾಗ, ಅಲ್ಲಿನ ಕೋಣೆ ಚಿಕ್ಕದೆಂದು ಅದನ್ನು ನನ್ನ ಮನೆಯಲ್ಲಿ ಬಿಟ್ಟು ಹೋದಳು. ತಮಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ನಾನು ಒಂಬತ್ತು ವರ್ಷದವನಿದ್ದಾಗ, ಸರಿಯಾಗಿಯೇ ಸದ್ದು ಮಾಡುತ್ತಿದ್ದ ಅವಳ ಸೈಕಲ್ಲಿನ ಗಂಟೆಯನ್ನು ಇನ್ನಷ್ಟು ಸರಿಮಾಡಲು ಹೋಗಿ, ಸಂಜೆಯ ಹೊತ್ತಿಗೆ ಇಡೀ ಸೈಕಲ್ಲನ್ನು ಎರಡು ಬುಟ್ಟಿಗಳಲ್ಲಿ ತುಂಬಿ ಅವಳಿಗೆ ಒಪ್ಪಿಸಿದ್ದೆ. ಅಂದಿನಿಂದ ನಲವತ್ತು ವರ್ಷ ಅಕ್ಕ ನನ್ನನ್ನು ನಂಬಿ ಒಂದು ಪೆನ್ಸಿಲ್ ತುಂಡನ್ನೂ ಕೊಟ್ಟವಳಲ್ಲ. ನನ್ನ ಅಂಗಡಿಯಲ್ಲಿ ಗುಳಿಗೆ ತೆಗೆದುಕೊಂಡರೂ ಎರಡು ಸಲ ಎಣಿಸಿಕೊಳ್ಳುತ್ತಾಳೆ. ಅಂಥವಳು ‘ಹುಷಾರಾಗಿ ನೋಡ್ಕೊಳೋ’ ಎಂದು ಹೆಗಲು ತಟ್ಟಿ ಕಪಾಟು ಬಿಟ್ಟುಹೋದ ದಿನ ನನಗೆ ಸಂತೋಷಕ್ಕೆ ಅನ್ನವೇ ಸೇರಲಿಲ್ಲ. ಅದನ್ನು ಇದ್ದ ಹಾಗೆಯೇ ಅವಳ ಕೈಗೆ ಒಪ್ಪಿಸಿ, ಆ ಎರಡು ಬುಟ್ಟಿಗಳನ್ನು ಅವಳ ಮನಸ್ಸಿನಿಂದ ಇಳಿಸಬೇಕೆಂಬುದೊಂದೇ ನನ್ನ ಆಸೆಯಾಗಿತ್ತು.

ಅಕ್ಕ ಮರಳುವ ಭಾನುವಾರಕ್ಕೆ ಇನ್ನು ಹದಿಮೂರು ದಿನ ಇದೆ ಎನ್ನುವಾಗ, ಕಳಚಿ ಬಿದ್ದ ಅಂಗಿಯ ಗುಂಡಿಯನ್ನು ಹೆಕ್ಕಲು ಬಗ್ಗಿದ ನನಗೆ ಎಡಬಾಗಿಲಿನ ಹಿಡಿಯ ಕೆಳಗೆ ಎರಡೂವರೆ ಅಂಗುಲದ ಗೀರೊಂದು ಕಾಣಿಸಿತು. ನನ್ನ ಸೊಂಟದಲ್ಲಿ ತೂಗುವ ಅಂಗಡಿಯ ಬೀಗದಕೈ ಗೊಂಚಲಿಗೂ ಆ ಗೀರಿಗೂ ಸರಿಯಾಗಿ ಒಂದೇ ಎತ್ತರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಸೊಂಟ ಮುಟ್ಟಿ ನೋಡಿಕೊಂಡೆ; ಯಾರೂ ಕೇಳುವ ಮೊದಲೇ ತಪ್ಪೊಪ್ಪಿಕೊಂಡೆ. ನನ್ನ ಹೆಂಡತಿ ಗೀರನ್ನು ಒಂದು ಸಲ ನೋಡಿ, ‘ಅದರ ಮೇಲೊಂದು ಕ್ಯಾಲೆಂಡರ್ ತೂಗ್‌ಹಾಕಿ, ಮುಗೀತು’ ಎಂದು ಒಳಗೆ ಹೋದಳು. ಅಚ್ಚಾದ ಸೂಚನೆಯಿಲ್ಲದ ಚಿಕಿತ್ಸೆಯನ್ನು ನಾನಾದರೂ ಒಪ್ಪುವುದು ಹೇಗೆ? ಅಂದೇ ಹೋಗಿ ತಮ್ಮ ಡಬ್ಬಿ ತಂದೆ.

ತಮ್ಮ ಮೊದಲನೆಯ ಸಾಲು ‘ಜಾಗವನ್ನು ಒದ್ದೆ ಬಟ್ಟೆಯಿಂದ ಶುಚಿಗೊಳಿಸಿ’ ಎನ್ನುತ್ತದೆ. ಶುಚಿಗೊಳಿಸಿದೆ. ಆಗ ತಿಳಿದದ್ದೇನೆಂದರೆ, ನಾವು ಇಷ್ಟು ದಿನ ತಿಳಿಹಸಿರು ಎಂದುಕೊಂಡದ್ದರಲ್ಲಿ ಅರ್ಧದಷ್ಟು ಮಾತ್ರ ಬಣ್ಣ, ಉಳಿದರ್ಧ ವರ್ಷಗಟ್ಟಲೆ ಕುಳಿತ ಧೂಳು. ಒರೆಸಿದ ಜಾಗ, ಮುಖ ತೊಳೆಯಲು ಹೋಗಿ ಒಂದೇ ಕೆನ್ನೆ ತೊಳೆದು ಬಂದವನ ಹಾಗೆ ಬೆಳ್ಳಗೆ ಹೊಳೆಯತೊಡಗಿತು. ಅಷ್ಟು ಹೊತ್ತು ಗೀರು ಕಾಣಬೇಕಾದರೆ ಬಗ್ಗಬೇಕಿತ್ತು. ಈಗ ಬೀದಿಯಲ್ಲಿ ಹೋಗುವವರಿಗೂ ಕಿಟಕಿಯಿಂದ ಕಾಣುತ್ತಿತ್ತು. ಬೇರೆ ದಾರಿಯಿಲ್ಲದೆ ಇಡೀ ಕಪಾಟನ್ನು ತೊಳೆದೆ. ಮುಂದಿನ ಸಲ ತಾವು ದಯವಿಟ್ಟು ಪ್ರತಿ ಡಬ್ಬಿಯ ಜೊತೆ ಇಪ್ಪತ್ತು ವರ್ಷ ಹಳೆಯ ಧೂಳಿನ ಚಿಕ್ಕ ಸೀಸೆಯೊಂದನ್ನು, ಚೆನ್ನಾಗಿ ಕುಲುಕಿ ಲೇಪಿಸಬೇಕೆಂಬ ಸೂಚನೆಯ ಸಮೇತ, ಇಟ್ಟುಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಎರಡನೆಯ ಸಾಲಿಗೆ ಬರುತ್ತೇನೆ. ‘ಹಗುರವಾಗಿ ಉಜ್ಜಿ.’ ಸ್ವಾಮೀ, ಹಗುರ ಎಂದರೆ ಎಷ್ಟು? ದಿನಕ್ಕೆ ಎಷ್ಟು ಸಲ? ದೊಡ್ಡವರಿಗೆಷ್ಟು, ಮಕ್ಕಳಿಗೆಷ್ಟು? ನನ್ನ ಅಂಗಡಿಯಲ್ಲಿ ಯಾರಾದರೂ ‘ಹಗುರವಾಗಿ ನುಂಗಿ’ ಎಂದು ಬರೆದ ಔಷಧಿಯನ್ನು ಮಾರಿದರೆ ಮರುದಿನವೇ ಬೀಗ ಬೀಳುತ್ತದೆ. ಆದರೂ ತಮ್ಮ ಮೇಲಿನ ಗೌರವದಿಂದ, ಡಬ್ಬಿಯೊಳಗಿದ್ದ ಒರಟು ಉಪ್ಪುಕಾಗದವನ್ನು ಬೆರಳಿಗೆ ಸುತ್ತಿ, ನನ್ನ ಅಂದಾಜಿನ ಹಗುರದಲ್ಲಿ ಉಜ್ಜಿದೆ. ಹಸಿರಿನ ಕೆಳಗಿನಿಂದ ನೀಲಿ ಇಣುಕಿತು. ಗಾಬರಿಯಿಂದ ನೀಲಿಯನ್ನು ಉಜ್ಜಿದರೆ ಅದರ ಕೆಳಗೆ ಕೆಂಪು. ಹಗುರ ಸಾಲದೋ ಹೆಚ್ಚಾಯಿತೋ ತಿಳಿಯದೆ ಇನ್ನೊಂದಿಷ್ಟು ಉಜ್ಜುವಷ್ಟರಲ್ಲಿ ಮರವೇ ಹೊರಬಂದು ನನ್ನ ಮುಖ ನೋಡಿತು. ಎರಡೂವರೆ ಅಂಗುಲದ ಗೀರು ಹೋಗಿ, ಊಟದ ತಟ್ಟೆಯಷ್ಟು ಅಗಲದ, ನಾಲ್ಕು ಬಣ್ಣದ ಬಳೆಗಳಿದ್ದ ಗುರಿಹಲಗೆ ಸಿದ್ಧವಾಗಿತ್ತು. ಹೆಂಡತಿ ಬಂದು ನೋಡಿ, ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ತಂದು ಅಳತೆ ಹಿಡಿದಳು, ಸಾಲಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ, ನೆಗಡಿಗೆ ಔಷಧಿ ಕೊಡುವ ನಾನೇ ಆ ಕಥೆಯೊಳಗೆ ಹೋಗಿ ಕೂರುತ್ತೇನೆಂದು ತಿಳಿದಿರಲಿಲ್ಲ.

ಮೂರನೆಯ ಸಾಲಿನಂತೆ ಹಳ್ಳಕ್ಕೆ ಡಬ್ಬಿಯಲ್ಲಿದ್ದ ಪುಟ್ಟಿಯ ಮೆತ್ತನೆ ಹಿಟ್ಟು ತುಂಬಿದೆ, ಅದರ ಬಗ್ಗೆ ದೂರಿಲ್ಲ. ತಮ್ಮ ಪುಟ್ಟಿ ಉತ್ತಮವಾದದ್ದು, ನನ್ನ ಹೆಬ್ಬೆರಳಿನ ಉಗುರಿನಲ್ಲಿ ಇಂದಿಗೂ ಗಟ್ಟಿಯಾಗಿದೆ. ನಾಲ್ಕನೆಯ ಸಾಲು ‘ಮಾದರಿ ತೋರಿಸಿ ಬಣ್ಣ ಬೆರೆಸಿಕೊಂಡು, ಸುತ್ತಲಿನ ಬಣ್ಣದೊಂದಿಗೆ ಒಂದಾಗುವವರೆಗೆ ಬಳಿಯಿರಿ’ ಎಂದಿತು. ಕಪಾಟನ್ನು ಹೊತ್ತುಕೊಂಡು ಹೋಗುವಂತಿರಲಿಲ್ಲವಾದ್ದರಿಂದ ಒಳಗಿನ ಹಲಗೆಯೊಂದನ್ನು ಬಿಚ್ಚಿ ಬಗಲಲ್ಲಿಟ್ಟುಕೊಂಡು ಬಣ್ಣದಂಗಡಿಗೆ ಹೋದೆ. ಅಂಗಡಿಯವರು ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಸಿರನ್ನು ಬೆರೆಸಿಕೊಟ್ಟರು. ಅವರ ತಪ್ಪೇನೂ ಇಲ್ಲ. ಒಳಗಿನ ಹಲಗೆ ಹುಟ್ಟಿದಾಗಿನಿಂದ ಬಿಸಿಲು ಕಂಡಿರಲಿಲ್ಲ. ಹೊರಗಿನ ಬಾಗಿಲು ಬಿಸಿಲಿನಲ್ಲೇ ಮುದಿಯಾಗಿತ್ತು. ಹೀಗಾಗಿ ನಾನು ತಂದ ಬಣ್ಣ ನೂರಕ್ಕೆ ನೂರು ಸರಿಯಾಗಿತ್ತು, ಇಪ್ಪತ್ತು ವರ್ಷ ಚಿಕ್ಕದಾದ ಬೇರೊಂದು ಕಪಾಟಿಗೆ.

ಒಂದಾಗುವವರೆಗೆ ಬಳಿಯಿರಿ ಎಂದಿದ್ದೀರಿ, ಒಂದಾಗಲಿಲ್ಲ, ಬಳಿಯುತ್ತಲೇ ಹೋದೆ. ತೇಪೆಯ ಅಂಚು ಎದ್ದು ಕಂಡಿತೆಂದು ಅಂಚಿನಾಚೆಗೂ ಬಳಿದೆ. ಆಗ ಅಂಚು ಅಲ್ಲಿಗೆ ಹೋಗಿ ನಿಂತಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ, ಗೀರು ಇದ್ದಷ್ಟೇ ಕುಂಚ ಚಾಚು ಎಂದು ತಾವೊಂದು ಸಾಲು ಬರೆದಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆ. ಎಡಬಾಗಿಲು ಪೂರ್ತಿಯಾದಾಗ ಬಲಬಾಗಿಲು ಬಡವಾಗಿ ಕಂಡಿತು. ಬಾಗಿಲೆರಡೂ ಆದಾಗ ಪಕ್ಕಗಳು, ಪಕ್ಕಗಳಾದಾಗ ತಲೆ, ತಲೆಯಾದಾಗ ನಾಲ್ಕು ಕಾಲುಗಳು. ಬಣ್ಣದಂಗಡಿಗೆ ಆರನೆಯ ಸಲ ಹೋದಾಗ ಅವರು ಕುರ್ಚಿ ಎಳೆದು ಕೂರಿಸಿ, ‘ಮನೆ ಎಷ್ಟು ಅಂತಸ್ತಿಂದು ಸಾರ್?’ ಎಂದು ವಿಚಾರಿಸಿದರು. ಗೀರು ಎಂದು ಹೇಳಲು ನನಗೆ ನಾಚಿಕೆಯಾಗಿ, ಮೂರು ಎಂದುಬಿಟ್ಟೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನನ್ನ ಕೈ ಹಸಿರಾಯಿತು, ಕಿವಿಗೆ ಬಿದ್ದದ್ದು ಹೆಂಡತಿಯ ನಗು.

ಕೊನೆಯ ಸಾಲು ‘ಪೂರ್ಣವಾಗಿ ಒಣಗುವವರೆಗೆ ಅಲುಗಾಡಿಸಬೇಡಿ’ ಎಂಬುದು. ಮುಚ್ಚಿದ್ದ ಬಾಗಿಲುಗಳನ್ನು ನಾನು ಅಲುಗಾಡಿಸಲಿಲ್ಲ. ಮೂರು ದಿನ ಯಾರೂ ಅದರ ಹತ್ತಿರ ಸೀನದಂತೆ ಕಾದೆ. ನಾಲ್ಕನೆಯ ದಿನ ಹಿಡಿ ಹಿಡಿದು ಎಳೆದರೆ ಬಾಗಿಲು ಬರಲಿಲ್ಲ, ಇಡೀ ಕಪಾಟೇ ನನ್ನ ಕಡೆಗೆ ಒಂದು ಹೆಜ್ಜೆ ಬಂತು. ಸಂದಿಗೊಂದಿಗಳಲ್ಲಿ ಇಳಿದ ಬಣ್ಣ ಎರಡೂ ಬಾಗಿಲುಗಳನ್ನು ಒಂದೇ ಹಲಗೆಯಾಗಿ ಬೆಸೆದಿತ್ತು. ನನ್ನ ಇಸ್ತ್ರಿ ಮಾಡಿದ ಅಂಗಿಗಳೆಲ್ಲ ಒಳಗೆ. ಉಳಿದ ದಿನಗಳಲ್ಲಿ ಹಸಿರು ಚುಕ್ಕೆಗಳ ಒಂದೇ ಅಂಗಿಯಲ್ಲಿ ಅಂಗಡಿಗೆ ಹೋದೆ. ತುರಿಕೆಯ ಮುಲಾಮು ಕೇಳಲು ಬಂದ ಗಿರಾಕಿಯೊಬ್ಬರು ನನ್ನನ್ನು ನೋಡಿ, ಬೇರೆ ಅಂಗಡಿಗೆ ಹೋದರು.

ಮಾನ್ಯರೇ, ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಅಕ್ಕ ಬಂದಳು. ಅದೇ ಚುಕ್ಕೆ ಅಂಗಿಯಲ್ಲಿ ನಾನು ಅವಳನ್ನು ಕಪಾಟಿನ ಮುಂದೆ ಕರೆತಂದು ನಿಲ್ಲಿಸಿದೆ. ಅಕ್ಕ ಕನ್ನಡಕ ಏರಿಸಿ, ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ಗ್ರಂಥಾಲಯದಲ್ಲಿ ಪುಸ್ತಕ ಎರವಲು ಕೊಡುವ ಮೊದಲು ಹರಿದ ಪುಟ, ಮಡಚಿದ ಮೂಲೆ, ಶಾಯಿ ಕಲೆಗಳನ್ನೆಲ್ಲ ಗುರುತು ಹಾಕಿಕೊಳ್ಳುವುದು ಅವಳ ವೃತ್ತಿಧರ್ಮ. ಎರಡು ವರ್ಷದ ಹಿಂದೆ ನನ್ನ ಹೆಗಲು ತಟ್ಟುವ ಮೊದಲೇ ಅವಳು ಕಪಾಟಿಗೂ ಅದನ್ನೇ ಮಾಡಿದ್ದಳು. ಒಟ್ಟು ಏಳು ಗೀರು. ಕಾಗದ ಹಿಡಿದು ಒಂದೊಂದನ್ನೇ ಹುಡುಕಿದಳು. ಸುತ್ತು ಬಂದಳು, ಬಗ್ಗಿದಳು, ಸ್ಟೂಲು ಹತ್ತಿದಳು. ಏಳರಲ್ಲಿ ಒಂದೂ ಸಿಗಲಿಲ್ಲ. ಕೊನೆಗೆ ಕನ್ನಡಕ ತೆಗೆದು, ‘ಇದು ನಂದಲ್ಲ ಕಣೋ. ನನ್ನ ಕಪಾಟೇನ್ ಮಾಡ್ದೆ?’ ಎಂದಳು. ನಲವತ್ತು ವರ್ಷದ ಹಿಂದೆ ಬುಟ್ಟಿಗಳನ್ನು ನೋಡಿ ಕೇಳಿದ್ದಳಲ್ಲ, ಅದೇ ದನಿ.

ನಾನು ಆಣೆ ಮಾಡಿದೆ, ನಂಬಲಿಲ್ಲ. ಒಳಗಿನ ಹಲಗೆ ನೋಡಿದರೆ ಗೊತ್ತಾಗುತ್ತದೆ ಎಂದೆ, ಬಾಗಿಲು ಬರಲಿಲ್ಲ. ಆಗ ಅಕ್ಕ ನೇರ ಅಡುಗೆಮನೆಗೆ ಹೋಗಿ, ದೊಡ್ಡದೊಂದು ಚಮಚ ತಂದು, ಅದರ ಹಿಡಿಯನ್ನು ಸಂದಿಗೆ ತೂರಿಸಿ, ಬಹಳ ದಿನಗಳ ಅಭ್ಯಾಸವಿದ್ದವಳಂತೆ ಒಂದು ಸಲ ಮೀಟಿದಳು. ಬಾಗಿಲು ಟಪ್ಪೆಂದು ತೆರೆಯಿತು, ಚಮಚ ಜಾರಿತು. ಒಳಗೆ ಅವಳ ಹಳೆಯ ಹಸಿರು ಹಲಗೆಗಳು, ಅವುಗಳ ಮೇಲೆ ನನ್ನ ಅಂಗಿಗಳು. ಹೊರಗೆ, ಎಡಬಾಗಿಲಿನ ಹಿಡಿಯ ಕೆಳಗೆ, ಅಳೆದಿಟ್ಟಂತೆ ಎರಡೂವರೆ ಅಂಗುಲದ ಹೊಸ ಗೀರು. ಅಕ್ಕ ನಾಲಿಗೆ ಕಚ್ಚಿಕೊಂಡು, ಕಾಗದವನ್ನು ಮೆಲ್ಲಗೆ ನನ್ನ ಕೈಗಿಟ್ಟಳು. ಮೊದಲನೆಯ ಸಾಲಿನಲ್ಲಿ ಅವಳ ದುಂಡು ಅಕ್ಷರಗಳಲ್ಲಿ ಹೀಗಿತ್ತು: ‘ಎಡಬಾಗಿಲು, ಹಿಡಿಯ ಕೆಳಗೆ, ಎರಡೂವರೆ ಅಂಗುಲ. ಬಾಗಿಲು ಸಿಕ್ಕಿಕೊಂಡಾಗ ಚಮಚ ಜಾರಿ, ನಾನೇ.’

ಮಹನೀಯರೇ, ನಾನು ಹದಿಮೂರು ದಿನ ಉಜ್ಜಿ, ತುಂಬಿ, ಬಳಿದು ಅಳಿಸಿದ್ದು ಅಕ್ಕ ತಾನೇ ಹಾಕಿದ್ದ ಗೀರನ್ನು. ನನ್ನ ಬೀಗದಕೈ ಗೊಂಚಲು ನಿರಪರಾಧಿ. ಅಳು ಬರಬೇಕಾದ ಜಾಗದಲ್ಲಿ ನನಗೆ ನಗು ಬಂತು, ಅಕ್ಕನೂ ಶುರುಮಾಡಿದಳು, ಹೆಂಡತಿಯಂತೂ ಕ್ಯಾಲೆಂಡರನ್ನು ಬೀಸಣಿಗೆ ಮಾಡಿಕೊಂಡು ನೆಲದ ಮೇಲೆಯೇ ಕುಳಿತುಬಿಟ್ಟಳು. ನಗು ನಿಂತ ಮೇಲೆ ಅಕ್ಕ ಮೊದಲನೆಯ ಸಾಲಿಗೆ ‘ಸರಿಯಿದೆ’ ಎಂದು ಗುರುತು ಹಾಕಿ, ಪಟ್ಟಿಯ ಕೆಳಗೆ ಎಂಟನೆಯದೊಂದು ಸೇರಿಸಿದಳು: ‘ಮೇಲಿಂದ ಕೆಳಗಿನವರೆಗೆ, ನನ್ನ ತಮ್ಮ.’ ಉಳಿದ ಆರು ಗೀರುಗಳು ಬೇಕೇ ಬೇಕು ಎಂದು ಅವಳ ಹಟ. ಆದ್ದರಿಂದ ಗೀರು ತೆಗೆಯುವ ಡಬ್ಬಿಯ ಜೊತೆಗೆ ಗೀರು ಹಾಕುವ ಡಬ್ಬಿಯೊಂದನ್ನೂ ತಾವು ತಯಾರಿಸಿ, ವಿವಿಧ ಅಳತೆಯ ಆರು ಗೀರುಗಳನ್ನು ಆದಷ್ಟು ಬೇಗ ಕಳುಹಿಸಿಕೊಡಬೇಕಾಗಿ ವಿನಂತಿ.

ಇಷ್ಟರಲ್ಲಿ ಸಂತೋಷದ ಸುದ್ದಿಯೊಂದನ್ನು ಹೇಳಲೇಬೇಕು. ಕಪಾಟು ಸಾಗಿಸಲು ಬಂದ ಗಾಡಿಯಲ್ಲಿ ಅಕ್ಕನ ಎರಡು ಮರದ ಕುರ್ಚಿಗಳಿದ್ದವು. ಹೊಸ ಮನೆಯಲ್ಲಿ ಜಾಗವಿಲ್ಲವೆಂದು ಅವನ್ನು ಇಳಿಸಿ, ‘ನಿನ್ ಹತ್ರಾನೇ ಇರ್ಲಿ’ ಎಂದು ನನ್ನ ಕೈಗೆ ಕೊಟ್ಟಳು. ಹೌದು, ಕೊಟ್ಟಳು, ನನಗೆ. ಕಣ್ಣು ತುಂಬಿ ಬಂದದ್ದನ್ನು ಬಣ್ಣದ ವಾಸನೆಯ ಮೇಲೆ ಹಾಕಿದೆ. ಹೊರಡುವ ಮೊದಲು ಅವಳು ಚೀಲದಿಂದ ಗ್ರಂಥಾಲಯದ ಎರಡು ಅಚ್ಚಾದ ಚೀಟಿಗಳನ್ನು ತೆಗೆದು, ಒಂದೊಂದು ಕುರ್ಚಿಯ ಬೆನ್ನಿಗೂ ಅಂಟಿಸಿ, ಅಂಗೈಯಿಂದ ಒತ್ತಿದಳು. ಅದರಲ್ಲಿ ಇರುವುದು ಎರಡೇ ಪದ: ‘ಓದಿ. ತಿದ್ದಬೇಡಿ.’ ಸೂಚನೆ ಬರೆಯುವುದು ಎಂದರೆ ಅದು ಸ್ವಾಮೀ. ನಾನು ಆ ಕುರ್ಚಿಗಳ ಎದುರು ದಿನವೂ ಕುಳಿತು ಓದುತ್ತಿದ್ದೇನೆ, ಒಂದು ಕುರ್ಚಿಯ ಕಾಲಿನಲ್ಲಿ ಮೂರು ಅಂಗುಲದ ಗೀರಿದೆ, ನಾನು ಮುಟ್ಟಿಲ್ಲ.

ಇಂತಿ, ತಮ್ಮ ಐದೂ ಸಾಲುಗಳ ಏಕೈಕ ಪಾಲಕ ಮತ್ತು ಇನ್ನೂ ಪೂರ್ಣವಾಗಿ ಒಣಗದಿರುವ,
ತಮ್ಮ ವಿಶ್ವಾಸಿ,
ಔಷಧಿ ಅಂಗಡಿಯವನು

ವಿ.ಸೂ.: ಡಬ್ಬಿಯ ಮುಚ್ಚಳ ತೆಗೆಯುವುದು ಹೇಗೆಂದು ಬರೆಯಲು ತಾವು ಮರೆತದ್ದರಿಂದ, ಸ್ಕ್ರೂಡ್ರೈವರ್ ಜಾರಿ ನಮ್ಮ ಊಟದ ಮೇಜಿನ ಮೇಲೆ ಗೀರಾಗಿದೆ. ಹೆಂಡತಿ ಅದರ ಮೇಲೆ ಕ್ಯಾಲೆಂಡರ್ ಹಾಸಿದ್ದಾಳೆ. ಒಂದೇ ಲೇಪಕ್ಕೆ ಗೀರು ಪೂರ್ತಿ ಮಾಯವಾಯಿತು. ತಮ್ಮ ಉತ್ತರ ಹದಿನೈದೇ ನಿಮಿಷಗಳಲ್ಲಿ ಬರುವುದೆಂದು ನಿರೀಕ್ಷಿಸಿ, ಅದೇ ಕ್ಯಾಲೆಂಡರಿನಲ್ಲಿ ಇಂದಿನಿಂದ ಹದಿಮೂರು ದಿನ ಬಿಟ್ಟು ಗುರುತು ಹಾಕಿಟ್ಟಿದ್ದೇನೆ.