ಅರವತ್ತೊಂದು ಕಿಲೋ

ಬಹಳ ಬಹಳ ಹಿಂದೆ ಏನಲ್ಲ, ಮೂರೇ ಮೂರು ರೇಸುಗಳ ಹಿಂದೆ, ಒಂದು ರೇಸ್ ತಂಡದ ವರ್ಕ್‌ಶಾಪಿನಲ್ಲಿ ಒಬ್ಬ ತೂಕದಯ್ಯನಿದ್ದ. ಕಾರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಇಷ್ಟು ಕಿಲೋ ಎಂದು ಬರೆದಿಡುವುದು ಅವನ ಕೆಲಸ. ಗಾಳಿಯನ್ನು ಸೀಳಿ ಓಡುವ ಕಾರುಗಳ ನಡುವೆ ಹನ್ನೊಂದು ವರ್ಷ ಕಳೆದಿದ್ದರೂ ವೇಗವೆಂದರೆ ಅವನಿಗೆ ಎದೆ ಪುಕಪುಕ. ಬಸ್ಸು ಇಳಿಜಾರಿಗೆ ಬಂತೆಂದರೆ ಕೂತಲ್ಲಿಂದಲೇ ಕಾಲು ಚಾಚಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ.

ಆ ವರ್ಷ ನಿಯಮ ಬದಲಾಯಿತು. ಕಾರುಗಳು ಏಳುನೂರ ಅರವತ್ತು ಕಿಲೋವರೆಗೆ ಇಳಿಯಬಹುದು ಎಂದರು. ಉಳಿದ ತಂಡಗಳ ಕಾರುಗಳೆಲ್ಲ ಜ್ವರ ಬಿಟ್ಟೆದ್ದವರಂತೆ ಸಣಕಲಾಗಿ ಹಾರಿದವು. ಇವರದು ಮೊದಲ ರೇಸಿನಲ್ಲಿ ಕೊನೆ, ಎರಡನೆಯದರಲ್ಲೂ ಕೊನೆ. ಮೂರನೆಯದರಲ್ಲಿ ಇವರ ಹಿಂದಿದ್ದದ್ದು ಆಂಬುಲೆನ್ಸ್ ಒಂದೇ.

ನಾಲ್ಕನೆಯ ರೇಸಿನ ಹಿಂದಿನ ದಿನ ಬೆಳಿಗ್ಗೆ ತಂಡದ ಯಜಮಾನಿ ಅವನ ಮೇಜಿನ ಮುಂದೆ ಬಂದು ನಿಂತರು.

“ಬಿಡಿಬಿಡಿಯಾಗಿ ತೂಗಿದ್ರೆ ಏಳುನೂರ ಅರವತ್ತು. ಜೋಡಿಸಿ ತೂಗಿದ್ರೆ ಎಂಟುನೂರ ಇಪ್ಪತ್ತೊಂದು. ನಡುವಿನ ಅರವತ್ತೊಂದು ಕಿಲೋ ಏನ್ರೀ, ನಿಮ್ಮ ನಿದ್ದೆನಾ?”

“ನಾಲ್ಕು ಗಂಟೆಗೆ ಪರೀಕ್ಷಕರು ಬರೋಷ್ಟರಲ್ಲಿ ಕಾರನ್ನ ನಿಯಮದ ತೂಕಕ್ಕೆ ತಂದು ನಿಲ್ಲಿಸ್ತೀನಿ ಮೇಡಂ,” ಎಂದ ತೂಕದಯ್ಯ. ಬಾಯಿ ತಪ್ಪಿ ಮುಂದೆಯೂ ಹೇಳಿಬಿಟ್ಟ: “ಇಲ್ದಿದ್ರೆ ಕೊರಳಿನ ಈ ಕಾರ್ಡ್ ಬಿಚ್ಚಿಟ್ಟು ಮನೆಗೆ ಹೋಗ್ತೀನಿ.”

“ಮಾತು ಅಂದ್ರೆ ಮಾತು,” ಎಂದು ಅವರು ನಡೆದೇಬಿಟ್ಟರು.

ಹಾಗೆ ನೋಡಿದರೆ ಅವನ ದಿನಗಳೇ ಈಚೆಗೆ ಸರಿಯಿರಲಿಲ್ಲ. ವರ್ಕ್‌ಶಾಪಿನ ಬಾಗಿಲು ಮುಂದಿನ ಹಾಸನ್ನು ಮೆಟ್ಟಿದರೆ ತಾನಾಗಿ ತೆರೆಯುವಂಥದ್ದು. ಅವನು ಮೆಟ್ಟಿದರೆ ಮಾತ್ರ ಸುಮ್ಮನಿರುತ್ತಿತ್ತು, ಯಾರದಾದರೂ ಬೆನ್ನಿಗಂಟಿ ನುಸುಳಬೇಕಿತ್ತು. “ಮನೇಲಿದ್ರೂ ಇಲ್ಲದ ಹಾಗಿರ್ತೀರಲ್ರೀ,” ಎಂದು ಹೆಂಡತಿ ಗೊಣಗುತ್ತಿದ್ದಳು. ಅವನು ಕೂತರೆ ಸೋಫಾ ತಗ್ಗುತ್ತಿರಲಿಲ್ಲ. ಹೊಸ ಸ್ಪಂಜು ಎಂದುಕೊಂಡಿದ್ದರು.

ಕಾರು ಬಿಚ್ಚುವ ಸದ್ದು ಕೇಳಿದ್ದೇ ತಡ, ಸಲಹೆಗಾರರು ಸೇರಿದರು.

“ಬಣ್ಣದ್ದೇ ಭಾರ. ನಾನೇ ಬಳಿದದ್ದು, ನನಗೆ ಗೊತ್ತಿಲ್ವಾ?” ಎಂದು ಪೇಂಟರ್ ಕೆರೆಯಲು ಕೂತ. ಊಟದ ಹೊತ್ತಿಗೆ ಕಾರು ಬೋಳಾಯಿತು. ಉದುರಿದ್ದು ಒಂದು ಹಿಡಿ ಪುಡಿ.

“ಅದಕ್ಕೂ ನನ್ನ ಹಾಗೇ, ಗಾಳಿ ಕುಡಿದ್ರೂ ಮೈ ಬರುತ್ತೆ. ಟೈರಿನ ಗಾಳಿ ಬಿಡಿ,” ಎಂದರು ಕ್ಯಾಂಟೀನಿನ ಅಕ್ಕ. ಅದನ್ನೂ ಬಿಟ್ಟರು, ಮತ್ತೆ ತುಂಬಿದರು.

ಕೊನೆಗೆ ಒಂದೊಂದೇ ಭಾಗವನ್ನು ತಕ್ಕಡಿಯ ಮೇಲೆಯೇ ಜೋಡಿಸುತ್ತ ಬಂದರು. ಚಕ್ರ, ಎಂಜಿನ್, ಹಿಂಬದಿಯ ರೆಕ್ಕೆ, ಎಲ್ಲ ಕೂಡಿ ಲೆಕ್ಕ ಸರಿಯಾಗಿತ್ತು. ಸೀಟಿನ ಕೊನೆಯ ತಿರುಪು ಬಿಗಿಯಾಯಿತು. ಆಗ ಮುಳ್ಳು ನಡುಗಿತು. ಮಂಡಿನೋವಿನವರು ಉಸ್ಸೆನ್ನುತ್ತ ಕೂರುವ ಹಾಗೆ, ಕಾರು ಮೆಲ್ಲಗೆ ಒಂದು ಬೆರಳಷ್ಟು ಕೆಳಗಿಳಿಯಿತು.

ಎಂಟುನೂರ ಇಪ್ಪತ್ತೊಂದು.

ಎಲ್ಲರೂ ಬಗ್ಗಿ ಕಾರಿನ ಅಡಿ ನೋಡಿದರು. ಗೋಡೆಯ ಫ್ಯಾನು ಮಾತ್ರ ಆ ಕಡೆ ಈ ಕಡೆ ಕತ್ತು ತಿರುಗಿಸುತ್ತಿತ್ತು.

“ನಗ್ತೀರಿ ಅಂತ ಸುಮ್ನಿದ್ದೆ,” ಎಂದಳು ಕಾರು ಓಡಿಸುವ ಹುಡುಗಿ, ಹೆಲ್ಮೆಟ್ಟನ್ನು ಮಡಿಲಿಗೆ ಒತ್ತಿಕೊಂಡು. “ಪ್ರತಿ ತಿರುವಲ್ಲೂ ನಾನು ಒತ್ತೋಕೆ ಮುಂಚೇನೇ ಬ್ರೇಕ್ ಬೀಳುತ್ತೆ, ಮಾಮ. ಕಿವಿ ಹತ್ರ ಯಾರೋ ‘ನಿಧಾನ, ನಿಧಾನ’ ಅಂತಾರೆ.”

“ಯಾರ ದನಿ?”

“ಕೇಳಿದ ದನೀನೇ. ಯಾರದು ಅಂತ ಹೊಳೀತಿಲ್ಲ.”

ಪೇಂಟರ್ ಗಂಟಲು ಸರಿಮಾಡಿಕೊಂಡ. “ತಕ್ಕಡೀನೇ ಕೆಟ್ಟಿರ್ಬೇಕು. ಕಾರು ಇಳಿಸಿ, ಮನುಷ್ಯರನ್ನ ತೂಗಿ ನೋಡೋಣ.” ತಾನೇ ಹತ್ತಿದ. ಎಂಬತ್ತನಾಲ್ಕು. ಸರಿಯಾಗಿಯೇ ಇತ್ತು. ತೂಕದಯ್ಯ ಹತ್ತಿದ.

ಸೊನ್ನೆ.

ಕುಣಿದ. ಸೊನ್ನೆ. ತಕ್ಕಡಿಯ ತಗಡು ಕಿರ್ರೆನ್ನಲೂ ಇಲ್ಲ.

“ಮೊದಲು ಎಷ್ಟಿದ್ರಿ?” ಕ್ಯಾಂಟೀನಿನ ಅಕ್ಕ ಪಿಸುಗುಟ್ಟಿದರು.

“ಅರವತ್ತೊಂದು,” ಎಂದ ತೂಕದಯ್ಯ. ಅವನ ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು: ಯಾವುದಕ್ಕೆ ತುಂಬ ಹೆದರುತ್ತೀಯೋ ಅಲ್ಲಿಗೇ ನಿನ್ನ ಭಾರವೆಲ್ಲ ಹೋಗಿ ಕೂರುತ್ತೆ ಮಗಾ, ಬೈದರೆ ಏಳಲ್ಲ, ಮರ್ಯಾದೆಯಿಂದ ಕರೀಬೇಕು. ಆಗ ಅವನು ಪೂರ್ತಿ ಕೇಳದೆ ನಿದ್ದೆ ಹೋಗುತ್ತಿದ್ದ.

ಕಾರನ್ನು ಮತ್ತೆ ತಕ್ಕಡಿಗೆ ಏರಿಸಿದರು. ಅವನು ಖಾಲಿ ಸೀಟಿನ ಕಡೆಗೆ ಬಗ್ಗಿದ. ತನ್ನನ್ನು ತಾನೇ ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ ಒಂದು ಗಳಿಗೆ ತಡೆದ.

“ಏಳ್ತೀರಾ?” ಎಂದ ಕಡೆಗೆ. “ಹೆದರಿಕೆ ನನಗೂ ಇದೆ. ಮನೆಗೆ ಹೋಗಿ ಇಬ್ಬರೂ ಒಟ್ಟಿಗೆ ಹೆದರೋಣ. ಬನ್ನಿ.”

ಸೀಟು ಕಿರುಗುಟ್ಟಿತು. ಯಾವುದೋ ತಣ್ಣನೆಯದು ಅವನ ಹೆಗಲು ಹಿಡಿದುಕೊಂಡು ಇಳಿದು ಬಂತು. ಮಂಡಿ ಕುಸಿಯಿತು. ಚಪ್ಪಲಿ ನೆಲಕ್ಕೆ ಪಟ್ಟೆಂದು ಅಂಟಿತು. ಮುಳ್ಳು ಏಳುನೂರ ಅರವತ್ತಕ್ಕೆ ಇಳಿದು ನಿಂತಿತು. ತೂಕದಯ್ಯ ಧಡಧಡ ಹೋಗಿ ಬಾಗಿಲ ಮುಂದಿನ ಹಾಸು ಮೆಟ್ಟಿದ. ಬಾಗಿಲು ತೆರೆಯಿತು. ಅವನ ಕಣ್ಣಲ್ಲಿ ನೀರು ಬಂತು.

ತೆರೆದ ಬಾಗಿಲಿನಾಚೆ ಪರೀಕ್ಷಕರು ನಿಂತಿದ್ದರು, ಕೈಯಲ್ಲೊಂದು ಕಾಗದ ಹಿಡಿದು. ಹಿಂದೆಯೇ ಯಜಮಾನಿ.

“ನಿಯಮ ಮತ್ತೆ ಬದಲಾಗಿದೆ,” ಎಂದರು ಪರೀಕ್ಷಕರು. “ಹಗುರ ಕಾರುಗಳು ತಿರುವಲ್ಲಿ ಮಗುಚ್ತಿವೆ. ನಾಳೆಯಿಂದ ಎಂಟುನೂರ ಇಪ್ಪತ್ತಕ್ಕಿಂತ ಕಮ್ಮಿ ಇರೋ ಹಾಗಿಲ್ಲ.”

“ಕಬ್ಬಿಣ ಇಡೋಣ,” ಎಂದ ಪೇಂಟರ್.

“ಕಬ್ಬಿಣಕ್ಕೆ ಅನುಮತಿ ಬೇಕು, ಎರಡು ದಿನ. ನಾನು ಮುದ್ರೆ ಹಾಕೋದು ಈಗ.”

ಯಜಮಾನಿ ಮುಳ್ಳನ್ನು ನೋಡಿದರು. ಆಮೇಲೆ ತೂಕದಯ್ಯನ ಕೊರಳಿನ ಕಾರ್ಡನ್ನು ನೋಡಿದರು. ಕ್ಯಾಂಟೀನಿನ ಅಕ್ಕ ಅವರ ಕಿವಿಯಲ್ಲಿ ಏನೋ ಉಸುರಿದರು. ಅವರ ಹುಬ್ಬು ಮೇಲೇರಿತು.

“ನಿಯಮದ ತೂಕ ಅಂತ ತಾನೇ ನೀವು ಮಾತು ಕೊಟ್ಟದ್ದು?” ಎಂದರು ಮೆತ್ತಗೆ.

ತೂಕದಯ್ಯ ಗಡಿಯಾರ ನೋಡಿದ. ನಾಲ್ಕಕ್ಕೆ ಎರಡು ನಿಮಿಷ. ಕಾರಿನ ಬಳಿ ಹೋಗಿ, ಅಜ್ಜಿಯ ಮುಂದೆ ತಪ್ಪೊಪ್ಪಿಕೊಳ್ಳುವವನಂತೆ ತಲೆ ತಗ್ಗಿಸಿ, ಸೀಟಿನ ಅಂಚು ಮುಟ್ಟಿದ. “ಹೋಗಿ ಕೂತ್ಕೊಳ್ಳಿ,” ಎಂದ. “ಬೆಲ್ಟ್ ಬಿಗಿಯಾಗಿ ಹಾಕ್ಕೊಳ್ಳಿ.”

ಕಾರು ಒಂದು ಬೆರಳಷ್ಟು ಇಳಿಯಿತು. ಪರೀಕ್ಷಕರು ಒಳಗೆ ಟಾರ್ಚ್ ಬಿಟ್ಟು ನೋಡಿದರು, ಯಾರೂ ಇರಲಿಲ್ಲ. ಫ್ಯಾನು ಈ ಕಡೆ ತಿರುಗಿದಾಗ ತೂಕದಯ್ಯ ನಿಂತಲ್ಲಿಂದ ಒಂದು ಮೊಳ ಪಕ್ಕಕ್ಕೆ ತೇಲಿದ. ಪೇಂಟರ್ ಅವನ ತೋಳು ಹಿಡಿದುಕೊಂಡ.

ಹುಡುಗಿ ಖಾಲಿ ಸೀಟಿನೊಳಗೆ ಬಗ್ಗಿದಳು. “ಇನ್ನೂ ಹತ್ತೊಂಬತ್ತು ರೇಸ್ ಇವೆ, ಮಾಮ. ದಯವಿಟ್ಟು ಬ್ರೇಕ್ ಮುಟ್ಬೇಡಿ.”

ಮುಳ್ಳು ಎಂಟುನೂರ ಇಪ್ಪತ್ತೊಂದರ ಮೇಲೆ ನಿಂತು ಸಣ್ಣಗೆ ನಡುಗುತ್ತಿತ್ತು. ಪರೀಕ್ಷಕರು ಮುದ್ರೆ ಒತ್ತಿದರು.